ಅಡ್ವಾನ್ಸು ವಾಪಸ್ ಬರೋದಿಲ್ಲ

ನನ್ನ ಗಂಟಲಲ್ಲಿ ಏಳೆಂಟು ಜನ ಬಾಡಿಗೆಗಿದ್ದಾರೆ. ವೈಟ್‌ಫೀಲ್ಡ್ ಸ್ಟೇಷನ್ನಿನ ಮೈಕಿನಲ್ಲಿ 'ಪ್ರಯಾಣಿಕರ ಗಮನಕ್ಕೆ' ಅನ್ನುವ ಹೆಂಗಸು ಅವರಲ್ಲಿ ಹಳೇ ಒಕ್ಕಲು. ಹೂಡಿಯಲ್ಲಿ ರೈಲು ಹಳಿಯ ಪಕ್ಕದ ಮನೆಯಲ್ಲೇ ಹುಟ್ಟಿದವನು ನಾನು. ಅಮ್ಮ ಅನ್ನೋದಕ್ಕಿಂತ ಮೊದಲು 'ಕೂ' ಅಂದೆ ಅಂತ ನಮ್ಮಮ್ಮ ಈಗಲೂ ಬೈತಾಳೆ. ಆಮೇಲೆ ಟೀ ಅಂಗಡಿಯವನು, ಬಸ್ ಕಂಡಕ್ಟರು, ಮನೆ ಬಾಡಿಗೆಗೆ ಕೊಡುವ ಓನರುಗಳು, ಕೊನೆಯದಾಗಿ ನಮ್ಮ ಮ್ಯಾನೇಜರು ಬಂದು ಸೇರಿಕೊಂಡರು. ಒಬ್ಬರೂ ಬಾಡಿಗೆ ಕೊಟ್ಟಿಲ್ಲ. ಕೊನೆಯವರಂತೂ ನನ್ನನ್ನೇ ಖಾಲಿ ಮಾಡಿಸಿದರು.

ನಾನು ಕೆಲಸ ಮಾಡೋದು ಕಾಡುಗೋಡಿಯ ಹತ್ತಿರ, ಪ್ಯಾಕಿಂಗ್ ಮಷೀನು ತಯಾರಿಸುವ ಒಂದು ಕಾರ್ಖಾನೆಯಲ್ಲಿ. ಪುಡಿ, ಬೇಳೆ, ಬಿಸ್ಕತ್ತು ಏನು ಹಾಕಿದರೂ ಪೊಟ್ಟಣ ಕಟ್ಟಿ ಕೊಡುವ ಮಷೀನು. ಅದು ಸರಿಯಾಗಿ ಓಡುತ್ತದಾ ಅಂತ ನೋಡುವ ಟೆಸ್ಟಿಂಗ್ ಸೆಕ್ಷನ್ನಿನಲ್ಲಿ ನಾನು ಮತ್ತು ಗದಗ ಕಡೆಯ ಗೆಳೆಯ ಒಂದೇ ದಿನ ಸೇರಿದೆವು. ಅವನು ಕಾಡುಗೋಡಿಯ ಒಂದು ಕೋಣೆಯಲ್ಲಿ ಬಾಡಿಗೆಗಿದ್ದ. ಅವನ ಕೈ ಚುರುಕು, ಬಾಯಿ ನಿಧಾನ. ನನ್ನದು ತಿರುಗಾಮುರುಗ. ಇಬ್ಬರನ್ನೂ ಸೇರಿಸಿದರೆ ಒಬ್ಬ ಒಳ್ಳೆ ಟೆಕ್ನಿಷಿಯನ್ನು, ಒಬ್ಬ ಪೋಲಿ ಆಗ್ತಾರೆ ಅಂತ ಸೆಕ್ಷನ್ನಿನಲ್ಲಿ ಮಾತಿತ್ತು.

ನಮ್ಮ ಮ್ಯಾನೇಜರಿಗೆ 'ಬೇಸಿಕಲಿ' ಇಲ್ಲದೆ ವಾಕ್ಯ ಶುರುವಾಗೋದಿಲ್ಲ. ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಚಮಚವನ್ನೇ ಮೈಕು ಮಾಡಿಕೊಂಡು ನಾನು ಶುರುಹಚ್ಚಿಕೊಂಡೆ. "ಬೇಸಿಕಲಿ, ನಟ್ಟು ಟೈಟ್ ಮಾಡಿ. ಬೇಸಿಕಲಿ, ಕೈ ತೊಳ್ಕೊಳ್ಳಿ. ಬೇಸಿಕಲಿ, ಇದು ಮುದ್ದೆ." ಮೊದಲ ಎರಡಕ್ಕೆ ನಗು ಬಂತು. ಮೂರನೆಯದಕ್ಕೆ ಯಾರೂ ನಗಲಿಲ್ಲ. ತಿರುಗಿ ನೋಡಿದರೆ ಮೊಸರಿನ ಬಟ್ಟಲು ಹಿಡಿದು ಅವರೇ ನಿಂತಿದ್ದಾರೆ.

"ಬೇಸಿಕಲಿ, ಚೆನ್ನಾಗಿ ಮಾಡ್ತೀಯ," ಅಂದರು. ಹೋದರು.

ಮುಂದಿನ ವಾರ ನೋಟಿಸ್ ಬೋರ್ಡಿನಲ್ಲಿ ಚೀಟಿ ಬಿತ್ತು. ಇಂಗ್ಲೆಂಡಿನ ಒಂದು ಊರಿಗೆ ನಮ್ಮ ಮಷೀನು ಹೋಗಿದೆ, ಅದನ್ನು ಕೂರಿಸಿ ಓಡಿಸಿಕೊಡಲು ಎರಡು ವಾರಕ್ಕೆ ಒಬ್ಬರನ್ನು ಕಳಿಸ್ತಾರೆ. ಒಬ್ಬನೇ ಒಬ್ಬ. ಗದಗದವನು. ಹೋಗಿಬಂದವನನ್ನು ಹೊರದೇಶದ ಕೆಲಸಗಳಿಗೆ ಕಾಯಂ ಮಾಡ್ತಾರೆ ಅಂತಲೂ ಸುದ್ದಿ. ನನ್ನನ್ನು ಬಿಟ್ಟಿದ್ದು ಆ ಮುದ್ದೆಯ ಕಾರಣಕ್ಕೇ ಅನ್ನೋದಕ್ಕೆ ನನ್ನ ಹತ್ತಿರ ಸಾಕ್ಷಿ ಇಲ್ಲ. ಅವನು ನನಗಿಂತ ಚೆನ್ನಾಗಿ ಕೆಲಸ ಮಾಡ್ತಾನೆ ಅನ್ನೋದಕ್ಕೆ ಇಡೀ ಸೆಕ್ಷನ್ನೇ ಸಾಕ್ಷಿ. ಆದರೂ ಮುದ್ದೆಯ ಕಥೆಯನ್ನೇ ನಾನು ಬಸ್ಸಿನಲ್ಲಿ, ಟೀ ಅಂಗಡಿಯಲ್ಲಿ, ಮನೆಯಲ್ಲಿ ಹೇಳಿಕೊಂಡು ತಿರುಗಿದೆ. ಹೊಟ್ಟೆ ಉರಿಯೋವಾಗ ಸಾಕ್ಷಿ ಯಾರು ಕೇಳ್ತಾರೆ?

ಉರಿಯ ಮೇಲೆ ತುಪ್ಪ ಸುರಿದವರೂ ಮ್ಯಾನೇಜರೇ. ವಿಮಾನದ ಟಿಕೆಟ್ಟು ಏಜೆಂಟು ಮಾಡಿಕೊಡ್ತಾನೆ, ಅಲ್ಲಿ ಇಳಿದ ಮೇಲೆ ಲಂಡನ್ನಿನಿಂದ ಆ ಊರಿಗೆ ರೈಲಿನಲ್ಲಿ ಹೋಗಬೇಕು, ಯಾವ ಟಿಕೆಟ್ಟು ಅಂತ ನೋಡಿ ಒಂದು ಚೀಟಿ ಬರೆದುಕೊಡಿ, ಶುಕ್ರವಾರ ಊಟ ಆದ ಮೇಲೆ ಕಂಪನಿ ಕಾರ್ಡಿನಲ್ಲಿ ನಾನೇ ತಗೋತೀನಿ ಅಂದರು. ಆಮೇಲೆ ನನ್ನ ಕಡೆ ತಿರುಗಿದರು. "ಬೇಸಿಕಲಿ, ನಿನಗೆ ಟ್ರೈನ್ ವಿಷಯ ಎಲ್ಲ ಗೊತ್ತಲ್ಲ. ನೀನು ನೋಡ್ಕೊಡು."

ಗೊತ್ತಿರೋದು ನಿಜ. ಸೆಕ್ಷನ್ನಿನ ಅರ್ಧ ಜನಕ್ಕೆ ಹಬ್ಬಕ್ಕೆ ಊರಿಗೆ ಹೋಗೋ ತತ್ಕಾಲ್ ಮಾಡಿಕೊಡೋದು ನಾನೇ. ವೇಟಿಂಗ್ ಲಿಸ್ಟ್ ಎಷ್ಟಿದ್ದರೆ ಕನ್‌ಫರ್ಮ್ ಆಗುತ್ತೆ, ಬಂಗಾರಪೇಟೆ ಗಾಡಿಯಲ್ಲಿ ಯಾವ ಬೋಗಿ ಹತ್ತಿದರೆ ನಿಲ್ಲೋಕಾದರೂ ಜಾಗ ಸಿಗುತ್ತೆ, ಎಲ್ಲ ಬಾಯಿಪಾಠ. ಆದರೆ ಬೇರೆಯವನ ಮದುವೆಗೆ ಲಗ್ನಪತ್ರಿಕೆ ಬರೆದುಕೊಡೋದು ಬೇರೆ, ನಾನು ಕೇಳಿದ ಹುಡುಗಿಯದ್ದೇ ಬರೆದುಕೊಡೋದು ಬೇರೆ.

ಸೋಮವಾರ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಮೊಬೈಲು ಮಧ್ಯ ಇಟ್ಟುಕೊಂಡು ಕೂತೆವು. ಒಂದೇ ಊರು, ಒಂದೇ ಹಳಿ, ಒಂದೇ ಸೆಕೆಂಡ್ ಕ್ಲಾಸು. ಟಿಕೆಟ್ಟಿಗೆ ಮಾತ್ರ ನಾಲ್ಕು ಹೆಸರು, ನಾಲ್ಕು ರೇಟು. ಎನಿಟೈಮ್. ಆಫ್ ಪೀಕ್. ಸೂಪರ್ ಆಫ್ ಪೀಕ್. ಅಡ್ವಾನ್ಸ್. ಎಲ್ಲಕ್ಕಿಂತ ದುಬಾರಿಯದಕ್ಕೂ ಎಲ್ಲಕ್ಕಿಂತ ಅಗ್ಗದ್ದಕ್ಕೂ ಆನೆಗೂ ಆಡಿಗೂ ಇರುವಷ್ಟು ವ್ಯತ್ಯಾಸ.

"ಇದೇನ್ಲೇ, ಹೋಟೆಲ್ನಾಗ ದ್ವಾಸಿ ರೇಟ್ ಬರದಂಗ ಬರದಾರ," ಅಂದ ಅವನು.

"ಎನಿಟೈಮ್ ಅಂದ್ರೆ ಯಾವಾಗ ಬೇಕಾದ್ರೂ ಹತ್ತು, ಯಾವ ಗಾಡಿ ಬೇಕಾದ್ರೂ ಹತ್ತು. ದುಡ್ಡಿದ್ದೋರಿಗೆ. ಪೀಕ್ ಅಂದ್ರೆ ಆಫೀಸ್ ಟೈಮು. ಆ ಟೈಮ್ ಬಿಟ್ಟು ಹೋದ್ರೆ ರೇಟು ಕಮ್ಮಿ, ಅದು ಆಫ್ ಪೀಕ್. ಇನ್ನೂ ಖಾಲಿ ಹೊಡೆಯೋ ಟೈಮಲ್ಲಿ ಹೋದ್ರೆ ಸೂಪರ್."

"ನಮ್ಮ ಹೂಡಿ ಸಿಗ್ನಲ್ಲಿಗೆ ಆಫ್ ಪೀಕ್ ಯಾವಾಗ?"

"ಸಂಕ್ರಾಂತಿ ದಿನ ಬೆಳಿಗ್ಗೆ ಐದರಿಂದ ಐದೂ ಕಾಲು."

ನಕ್ಕ. ಆಮೇಲೆ ಕೊನೆಯದರ ಮೇಲೆ ಬೆರಳಿಟ್ಟ. "ಈ ಅಡ್ವಾನ್ಸ್ ಭಾಳ ಕಡಿಮಿ ಐತಲ್ಲ?"

ಇಲ್ಲಿ ನಾನು ಎಡವಿದೆ, ಎಡವಿದ್ದೂ ಜೋರು ದನಿಯಲ್ಲಿ. ಅಡ್ವಾನ್ಸ್ ಅಂದರೆ ಬೆಂಗಳೂರಿನಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಮನೆ ಹಿಡಿಯೋವಾಗ ಓನರಿಗೆ ಮೊದಲೇ ಕೊಡೋದು, ಬಿಡೋವಾಗ ವಾಪಸ್ ಇಸ್ಕೊಳ್ಳೋದು. ಗದಗದವನೂ ಕಾಡುಗೋಡಿ ಕೋಣೆಗೆ ಕೊಟ್ಟವನೇ. ನಾನು ತಕ್ಷಣ ಅವನ ಓನರಿನ ದನಿಗೆ ಇಳಿದೆ, ಮೂಗಿನ ಮೇಲೆ ಕನ್ನಡಕ ಜಾರಿಸಿಕೊಂಡವನ ಹಾಗೆ ತಲೆ ಎತ್ತಿ: "ನೋಡಪ್ಪಾ, ಈಗ ಅಡ್ವಾನ್ಸ್ ಕೊಟ್ಬಿಡು. ಮಿಕ್ಕಿದ್ದು ಗಾಡಿ ಹತ್ತಿದ್ಮೇಲೆ ಕೊಡು. ನೀರು ಒಂದು ದಿನ ಬಿಟ್ಟು ಒಂದು ದಿನ. ಇಳಿಯೋವಾಗ ಪೇಂಟಿಂಗ್ ದುಡ್ಡು ಹಿಡ್ಕೊಂಡು ವಾಪಸ್ ಕೊಡ್ತೀನಿ."

ಪಕ್ಕದ ಮೇಜಿನವರೂ ನಕ್ಕರು. ಆ ನಗುವಿನಲ್ಲೇ ಚೀಟಿ ಬರೆದೆ: ಅಡ್ವಾನ್ಸ್, ಬೆಳಿಗ್ಗೆ ಒಂಬತ್ತರ ಗಾಡಿ. ವಿಮಾನ ಇಳಿಯೋದು ಏಳಕ್ಕೆ. ಒಂಬತ್ತರದ್ದು ತಪ್ಪಿದರೆ ಹತ್ತರದ್ದು ಹತ್ತಿ ಬಾಕಿ ಕೊಟ್ಟರಾಯಿತು. ಚೀಟಿಯನ್ನು ಅವನು ಮಡಚಿ ಅಂಗಿಯ ಜೇಬಿನಲ್ಲಿಟ್ಟು, ಶುಕ್ರವಾರ ಕೊಡ್ತೀನಿ ಅಂದ.

ಅವತ್ತು ಸಂಜೆ ಮೆಟ್ರೋದಲ್ಲಿ ನಿಂತುಕೊಂಡೇ ನಾನು ಇಂಗ್ಲೆಂಡಿಗೆ ಹೋದೆ. ಅಂದರೆ ಮೊಬೈಲಿನಲ್ಲಿ. ಕಿಟಕಿ ಪಕ್ಕದ ಸೀಟು ಆರಿಸಿದೆ, ಯಾವ ಸ್ಟೇಷನ್ನಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತೆ ನೋಡಿದೆ, ನನ್ನ ಹೆಸರೇ ಹಾಕಿ, ದುಡ್ಡು ಕಟ್ಟುವ ಜಾಗದವರೆಗೂ ಹೋದೆ. ಅಲ್ಲಿ ಕೆಳಗೆ ಸಣ್ಣ ಅಕ್ಷರದಲ್ಲಿ ಷರತ್ತುಗಳಿದ್ದವು. ಬೇರೆಯವರ ಪ್ರಯಾಣಕ್ಕೆ ಓದದೇ ಇದ್ದದ್ದನ್ನು ನನ್ನ ಸುಳ್ಳು ಪ್ರಯಾಣಕ್ಕೆ ಓದಿದೆ. ಅಡ್ವಾನ್ಸ್ ಅಂದರೆ ಅಡ್ವಾನ್ಸ್ ಅಲ್ಲ. ಮುಂಚೆಯೇ ಪೂರ್ತಿ ದುಡ್ಡು ಕೊಟ್ಟು ತಗೊಳ್ಳೋ ಟಿಕೆಟ್ಟು ಅಂತ ಅರ್ಥ. ಆ ದಿನ, ಆ ಹೊತ್ತು, ಆ ಒಂದೇ ಗಾಡಿ. ಅದು ತಪ್ಪಿದರೆ ಟಿಕೆಟ್ಟು ಕಾಗದ. ಬಾಕಿ ಅನ್ನೋದೂ ಇಲ್ಲ, ವಾಪಸ್ ಅನ್ನೋದೂ ಇಲ್ಲ.

ವಿಮಾನ ಏಳಕ್ಕೆ ಇಳಿದು, ಪಾಸ್‌ಪೋರ್ಟಿನ ಸಾಲಿನಲ್ಲಿ ನಿಂತು, ಪೆಟ್ಟಿಗೆ ಎತ್ತಿಕೊಂಡು, ಅಷ್ಟು ದೊಡ್ಡ ಊರನ್ನು ದಾಟಿ ಒಂಬತ್ತರ ಗಾಡಿ ಹಿಡಿಯೋದು ಅವನಿಂದ ಆಗದ ಕೆಲಸ. ಗಾಡಿ ತಪ್ಪುತ್ತೆ. ಮುಂದಿನ ಗಾಡಿಯಲ್ಲಿ ಅಡ್ವಾನ್ಸ್ ಅಡ್ವಾನ್ಸ್ ಅಂತ ಆ ನಿಧಾನದ ಇಂಗ್ಲಿಷಿನಲ್ಲಿ ತೊದಲುತ್ತಾನೆ. ಇಳಿಸ್ತಾರೆ. ಅಲ್ಲಿ ಗಿರಾಕಿ ಕಂಪನಿಯವರು ಮಧ್ಯಾಹ್ನ ಕಾರು ತಂದು ಕಾದು ವಾಪಸ್ ಹೋಗ್ತಾರೆ. ಮ್ಯಾನೇಜರಿಗೆ ಫೋನು ಬರುತ್ತೆ. 'ಬೇಸಿಕಲಿ, ಒಂದು ಟ್ರೈನ್ ಹತ್ತೋಕೆ ಬರಲ್ವಾ?' ಮುಂದಿನ ಸಲ ಬೇರೆಯವರನ್ನು ಕಳಿಸೋಣ ಅಂತಾರೆ. ಟ್ರೈನ್ ವಿಷಯ ಗೊತ್ತಿರೋನನ್ನ.

ನಿಜ ಹೇಳ್ತೀನಿ, ಇಷ್ಟೆಲ್ಲ ಯೋಚಿಸಿದಾಗ ಭಯ ಆಗಲಿಲ್ಲ. ಹೊಟ್ಟೆಯಲ್ಲಿ ಐಸ್‌ಕ್ಯಾಂಡಿ ಇಟ್ಟ ಹಾಗಾಯಿತು. ನಾಳೆ ಹೇಳೋಣ ಅಂದುಕೊಂಡೆ.

ಮಂಗಳವಾರ ಅವನು ಹೊಸ ಶೂ ಹಾಕಿಕೊಂಡು ಬಂದ. ಹೇಳಲಿಲ್ಲ. ಬುಧವಾರ ಮ್ಯಾನೇಜರು ಎಲ್ಲರ ಎದುರಿಗೆ ಅವನ ಹೆಗಲ ಮೇಲೆ ಕೈ ಹಾಕಿದರು. ನನ್ನ ಹೆಗಲ ಮೇಲೆ ಇದುವರೆಗೆ ಅವರ ಕೈ ಬಿದ್ದಿಲ್ಲ. ಹೇಳಲೇ ಇಲ್ಲ.

ಗುರುವಾರ ಸಂಜೆ ನಮ್ಮನೆಗೆ ಬಂದ, ನನ್ನ ಸ್ವೆಟರ್ ತಗೊಂಡು ಹೋಗೋಕೆ. ಅದನ್ನು ನಾನು ನೋಟಿಸ್ ಬೀಳೋದಕ್ಕೂ ಮುಂಚೆ, ಯಾರನ್ನೋ ಕಳಿಸ್ತಾರಂತೆ ಅನ್ನೋ ಸುದ್ದಿ ಕೇಳಿಯೇ, ನಾನೇ ಹೋಗೋದು ಅಂತ ನಂಬಿ ಕೊಂಡುಕೊಂಡಿದ್ದೆ. ಅವನಿಗೆ ನನಗಿಂತ ಚೆನ್ನಾಗಿ ಒಪ್ಪಿತು. ನಮ್ಮಮ್ಮ ಅವನನ್ನು ಅಡಿಗೆಮನೆ ಬಾಗಿಲಲ್ಲಿ ನಿಲ್ಲಿಸಿ ಮೇಲಿಂದ ಕೆಳಗೆ ನೋಡಿದಳು.

"ಪಾಪ, ಒಬ್ನೇ ಓಯ್ತವ್ನೆ. ಕುಂತ್ಕಳಪ್ಪ, ದೃಷ್ಟಿ ತೆಗೀತೀನಿ. ಯಾರ್ ಯಾರ್ ಕಣ್ ಬಿದ್ದದೋ ಏನೋ."

"ಬ್ಯಾಡ್ರೀ ಅವ್ವಾರ..." ಅಂದ. ಅಷ್ಟರಲ್ಲಿ ಕೂರಿಸಿಯಾಗಿತ್ತು.

ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಮೂರು ಸಲ ಇಳಿ ತೆಗೆದಳು. "ಊರ್ ಕಣ್ಣು, ಬೀದಿ ಕಣ್ಣು, ನೆಂಟ್ರ ಕಣ್ಣು, ಜತೇಲಿರೋರ್ ಕಣ್ಣು..." ಕೊನೆಯದಕ್ಕೆ ನಾನು ಗೋಡೆಯ ಕ್ಯಾಲೆಂಡರ್ ಓದತೊಡಗಿದೆ. ಕೆಂಡದ ಮೇಲೆ ಹಾಕಿದಳು. ಮೆಣಸಿನಕಾಯಿ ಸುಟ್ಟರೆ ಮನೆಮಂದಿಯೆಲ್ಲ ಕೆಮ್ಮಬೇಕು. ದೃಷ್ಟಿ ಆಗಿದ್ದರೆ ಮಾತ್ರ ಘಾಟು ಬರಲ್ಲ ಅನ್ನೋದು ನಮ್ಮ ಕಡೆ ನಂಬಿಕೆ. ಮೆಣಸಿನಕಾಯಿ ಕರ್ರಗಾಯಿತು. ಯಾರೂ ಕೆಮ್ಮಲಿಲ್ಲ. ನಾನು ಬಲವಂತವಾಗಿ ಕೆಮ್ಮಿ ನೋಡಿದೆ. ಏಳೆಂಟು ಜನರ ದನಿ ಮಾಡೋನಿಗೆ ಒಂದು ಕೆಮ್ಮು ಸರಿಯಾಗಿ ಬರಲಿಲ್ಲ.

"ನೋಡ್ದಾ? ಒಂಚೂರೂ ಘಾಟಿಲ್ಲ. ದೊಡ್ಡ ಕಣ್ಣೇ ಬಿದ್ದದೆ," ಅಂದಳು ಅಮ್ಮ. "ಯಾವನೋ ಅವ್ನು, ಆಳಾಗೋದೋನು!"

ಆಳಾಗೋದೋನು ಅವನ ಪಕ್ಕದಲ್ಲೇ ನಿಂತು ಸ್ವೆಟರ್ ಮಡಚಿ ಚೀಲಕ್ಕೆ ಹಾಕುತ್ತಿದ್ದ.

ಹೋಗುವಾಗ ಗದಗದವನು ಅಂದ: "ದೋಸ್ತ, ನಾಳೆ ಊಟದಾಗ ಒಂದೀಟು ಪ್ರಾಕ್ಟೀಸ್ ಮಾಡಿಸಲೇ. ನೀ ಆ ಕಡೀ ಮಂದಿ ದನಿ ತಗಿ. ನಾ ಉತ್ತರ ಕೊಡ್ತೇನಿ. ನನಗ ಅವರ ಇಂಗ್ಲಿಷ್ ಕಿವ್ಯಾಗ ಹೋಗೂದಿಲ್ಲ."

ಶುಕ್ರವಾರ. ಕ್ಯಾಂಟೀನು. ಊಟ ಆದ ಮೇಲೆ ಚೀಟಿ ಮ್ಯಾನೇಜರ ಕೈಗೆ ಹೋಗಬೇಕು. ನಾನು ತಟ್ಟೆಯನ್ನು ಕಿಟಕಿಯ ಹಾಗೆ ಎದುರಿಗೆ ಹಿಡಿದು ಟಿಕೆಟ್ ಕೌಂಟರಿನ ಬಿಳಿ ಹೆಂಗಸಾದೆ.

"ಗುಡ್ ಮಾರ್ನಿಂಗ್ ಲವ್. ಸಿಂಗಲ್ ಆರ್ ರಿಟರ್ನ್?"

ಲವ್ ಅನ್ನೋದು ಅಲ್ಲಿನ ಹೆಂಗಸರು ಗುರುತಿಲ್ಲದವರನ್ನೂ ಕರೆಯೋ ರೀತಿ. ಹೋಗೋಕಷ್ಟೇ ಬೇಕಾ, ಹೋಗಿಬರೋಕೂ ಬೇಕಾ ಅಂತ ಕೇಳೋದು. ಅವನು ಎರಡು ಕ್ಷಣ ಯೋಚಿಸಿ, ಕೈ ಕಟ್ಟಿಕೊಂಡು ಹೇಳಿದ: "ಸಿಂಗಲ್ ಮೇಡಂ. ಮನ್ಯಾಗ ಹುಡುಗಿ ನೋಡಾಕತ್ತಾರ."

ಇಡೀ ಮೇಜು ಬಿದ್ದು ಬಿದ್ದು ನಕ್ಕಿತು. ಅದು ನನ್ನ ಜೋಕಾಗಬೇಕಿತ್ತು. ಫಾರಿನ್ನು ತಗೊಂಡ, ಸ್ವೆಟರು ತಗೊಂಡ, ಅಮ್ಮನ ಉಪ್ಪು ಮೆಣಸಿನಕಾಯಿ ತಗೊಂಡ, ಈಗ ನಗುವನ್ನೂ. ಉರಿಯುತ್ತಲೇ ನಾನು ರೈಲಿನ ಟಿ.ಸಿ. ಆದೆ. ಗಂಟಲನ್ನು ಕೆಳಗಿಳಿಸಿ, ತುಟಿ ಬಿಗಿ ಹಿಡಿದು: "ಟಿಕೆಟ್ಸ್ ಪ್ಲೀಸ್."

ಅವನು ಜೇಬಿನಿಂದ ಅದೇ ಚೀಟಿ ತೆಗೆದುಕೊಟ್ಟ. ನನ್ನದೇ ಅಕ್ಷರ. ನಾನು ಅದನ್ನು ಎತ್ತಿ ಬೆಳಕಿಗೆ ಹಿಡಿದೆ.

"ಸಾರಿ ಸರ್. ದಿಸ್ ಟಿಕೆಟ್ ಈಸ್ ನಾಟ್ ವ್ಯಾಲಿಡ್ ಆನ್ ದಿಸ್ ಟ್ರೈನ್."

ಹೀಗನ್ನಬೇಕು ಅಂತ ನಾನು ಅಂದುಕೊಂಡಿರಲಿಲ್ಲ. ಆ ಟಿ.ಸಿ. ಅಂದ.

"ಅಡ್ವಾನ್ಸ್ ಐತಿ ಸಾರ್. ಬ್ಯಾಲೆನ್ಸ್ ಈಗ ಕೊಡ್ತೇನಿ," ಅಂದ ಗದಗದವನು, ಕಲಿಸಿದ ಪಾಠ ಒಪ್ಪಿಸೋ ಹಾಗೆ. ಮತ್ತೆ ನಗು.

"ನೋ ಬ್ಯಾಲೆನ್ಸ್, ಸರ್. ನೈನ್ ಓ ಕ್ಲಾಕ್ ಟ್ರೈನ್ ಓನ್ಲಿ. ನೋ ರಿಫಂಡ್. ಯು ಬೈ ನ್ಯೂ ಟಿಕೆಟ್."

ಅವನು ಚಮಚ ಕೆಳಗಿಟ್ಟ. ಮುಖದಲ್ಲಿ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. "ಲೇ, ನಾಟಕದಾಗ ಅನ್ನಾಕತ್ತೀಯೋ, ಖರೇನ ಅನ್ನಾಕತ್ತೀಯೋ?"

"ಖರೇನ," ಅಂದೆ, ಅವನ ಭಾಷೆಯಲ್ಲೇ. ನನ್ನದರಲ್ಲಿ ಹೇಳೋಕೆ ಮುಖ ಇರಲಿಲ್ಲ.

"ಯಾವಾಗ ಗೊತ್ತಾತು?"

"ಸೋಮವಾರ."

"ಇವತ್ತ ಶುಕ್ರವಾರ."

ಅಷ್ಟೇ ಅಂದ. ಬೈದಿದ್ದರೆ ನಾನು ಅವನು ಬೈಯೋ ದನಿಯನ್ನಾದರೂ ಕಲಿತುಕೊಳ್ಳುತ್ತಿದ್ದೆ. ತಟ್ಟೆ ಎತ್ತಿಟ್ಟು ಬಂದು, "ನಡಿ, ಸಾಹೇಬ್ರ ಕಡೆ ಹೋಗೂಣು," ಅಂದ.

ಮ್ಯಾನೇಜರ ಕೋಣೆಯಲ್ಲಿ ನಾನು ನನ್ನ ಸ್ವಂತ ದನಿಯಲ್ಲಿ ಮಾತಾಡಬೇಕಾಯಿತು. ತುಂಬ ದಿನದಿಂದ ಉಪಯೋಗಿಸದೆ ಅದು ತುಕ್ಕು ಹಿಡಿದಿತ್ತು. ಅಡ್ವಾನ್ಸ್ ಬೇಡ ಸಾರ್, ಆಫ್ ಪೀಕ್ ರಿಟರ್ನ್ ಸಾಕು ಅಂದೆ. ಅದಕ್ಕೆ ರೇಟು ಜಾಸ್ತಿ, ಆದರೆ ಬೆಳಗಿನ ಆಫೀಸ್ ಟೈಮು ಮುಗಿದ ಮೇಲೆ ಯಾವ ಗಾಡಿ ಬೇಕಾದರೂ ಹತ್ತಬಹುದು. ಬರೋ ಟಿಕೆಟ್ಟು ಒಂದು ತಿಂಗಳು ನಡೆಯುತ್ತೆ. ಹೋಗೋಕೆ ಮಾತ್ರ ತಗೊಳ್ಳೋದಕ್ಕೂ ಹೋಗಿಬರೋಕೆ ತಗೊಳ್ಳೋದಕ್ಕೂ ಅಲ್ಲಿ ಹೆಚ್ಚು ವ್ಯತ್ಯಾಸವೇ ಇಲ್ಲ. ಈಗಲೇ ತಗೊಳ್ಳೋದೂ ಬೇಡ, ಅಲ್ಲಿ ಕೌಂಟರಿನಲ್ಲಿ ತಗೊಂಡರೂ ಅದೇ ರೇಟು. ಸೀಟು ಮಾತ್ರ ಗ್ಯಾರಂಟಿ ಇಲ್ಲ, ಖಾಲಿ ಇದ್ದಲ್ಲಿ ಕೂರಬೇಕು.

"ಬೇಸಿಕಲಿ, ಮೊದಲು ತಪ್ಪು ಬರೆದಿದ್ದು ಯಾರು?"

ನಾನು ಬಾಯಿ ತೆರೆಯೋದರೊಳಗೆ ಗದಗದವನು ಅಂದ: "ಇಬ್ರೂ ಕೂಡಿ ಓದಿದ್ವಿ ಸಾರ್. ಇಬ್ರಿಗೂ ತಿಳೀಲಿಲ್ಲ."

ಒಳ್ಳೆಯತನದಲ್ಲೂ ನನ್ನನ್ನು ಹಿಂದೆ ಹಾಕಿದ. ಅದಕ್ಕೂ ಹೊಟ್ಟೆ ಉರಿಯಿತು, ಏನು ಮಾಡೋದು.

ಮುಂದಿನ ಸೋಮವಾರ ಅವನು ಲಂಡನ್ನಿನಲ್ಲಿ ಇಳಿದಾಗ ಪಾಸ್‌ಪೋರ್ಟಿನ ಸಾಲೊಂದೇ ಎರಡು ಗಂಟೆ ತಿಂದಿತಂತೆ. ಒಂಬತ್ತಕ್ಕೆ ಅವನು ಇನ್ನೂ ಪೆಟ್ಟಿಗೆಗೆ ಕಾಯುತ್ತಿದ್ದ. ಹನ್ನೊಂದರ ಗಾಡಿ ಹತ್ತಿ ಹೊತ್ತಿಗೆ ಸರಿಯಾಗಿ ಊರು ಸೇರಿದ. ರೈಲಿನಿಂದ ಒಂದು ಫೋಟೋ ಕಳಿಸಿದ: ನೀಲಿ ಸೀಟುಗಳ ಸಾಲು, ಒಂದು ನರಪಿಳ್ಳೆಯೂ ಇಲ್ಲ, ಕಿಟಕಿಯಾಚೆ ಹಸಿರು, ಒಂದು ಸೀಟಿನ ಮೇಲೆ ನನ್ನ ಸ್ವೆಟರು ಕೂತಿದೆ. ಕೆಳಗೆ ಬರೆದಿದ್ದ: 'ನಿನ್ನ ಸ್ವೆಟರಿಗೂ ಸೀಟ್ ಸಿಕ್ಕೈತಿ ದೋಸ್ತ.' ಅದನ್ನು ನಾನು ನೋಡಿದ್ದು ಡ್ಯೂಟಿ ಮುಗಿಸಿ, ಕಾಡುಗೋಡಿಯಲ್ಲಿ ಮೆಟ್ರೋ ಹತ್ತಿ, ಒಬ್ಬರ ಲ್ಯಾಪ್‌ಟಾಪ್ ಚೀಲಕ್ಕೂ ಇನ್ನೊಬ್ಬರ ಕಂಕುಳಿಗೂ ಮಧ್ಯೆ ಸಿಕ್ಕಿಕೊಂಡಾಗ. ನನ್ನ ಸ್ವೆಟರು ಇಂಗ್ಲೆಂಡ್ ನೋಡಿತು, ನಾನು ನೋಡಲಿಲ್ಲ.

ಎರಡು ವಾರಕ್ಕೆ ಮಷೀನು ಓಡಿಸಿ, ಹೆಸರು ಮಾಡಿ ಬಂದ. ಸ್ವೆಟರಿನ ಜೊತೆ ಒಂದು ಸಣ್ಣ ಟಿಕೆಟ್ಟು ಕೊಟ್ಟ, ದಪ್ಪ ಕಾಗದದ್ದು, ಅಂಚಿಗೆ ಕಿತ್ತಳೆ ಬಣ್ಣ. ಬರುವ ದಿನ ಗಿರಾಕಿ ಕಂಪನಿಯವರೇ ಕಾರಿನಲ್ಲಿ ವಿಮಾನ ನಿಲ್ದಾಣಕ್ಕೆ ಬಿಟ್ಟರಂತೆ, ಹಾಗಾಗಿ ವಾಪಸ್ ಬರುವ ಅರ್ಧ ಹಾಗೇ ಉಳಿದಿತ್ತು. "ನೀ ಆರಿಸಿದ ಟಿಕೆಟ್ಟು, ನಿನಗ ಇರಲಿ," ಅಂದ. ಸೋಮವಾರ ಶುಕ್ರವಾರದ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ನಾನೂ ಕ್ಷಮೆ ಅನ್ನೋ ಮಾತನ್ನು ಯಾರ ದನಿಯಲ್ಲಿ ಹೇಳೋದು ಅಂತ ಗೊತ್ತಾಗದೆ, ಸ್ವೆಟರ್ ನೀನೇ ಇಟ್ಕೋ ಗುರು ಅಂದೆ. ಟಿಕೆಟ್ಟು ನನ್ನ ಪರ್ಸಿನಲ್ಲಿ ಮೆಟ್ರೋ ಕಾರ್ಡಿನ ಹಿಂದೆ ಇದೆ. ಹೋಗದೇ ಇದ್ದವನ ಹತ್ತಿರ ವಾಪಸ್ ಬರೋ ಟಿಕೆಟ್ಟು.

ಈಗ ಇನ್ನೊಂದು ಮಷೀನು ಅಲ್ಲಿಗೇ ಹೋಗಿದೆ. ಈ ಸಲ ಇವನನ್ನು ಕಳಿಸ್ರಿ ಸಾರ್ ಅಂತ ಗದಗದವನೇ ಮ್ಯಾನೇಜರ ಹತ್ತಿರ ಹೇಳಿದನಂತೆ. ಅವರು ನನ್ನನ್ನು ಕರೆದು ನಿಜವಾಗಿಯೂ ಹೆಗಲ ಮೇಲೆ ಕೈ ಇಟ್ಟರು. "ಬೇಸಿಕಲಿ, ನೀನು ಹೋಗಿಬಿಟ್ರೆ ಟಿಕೆಟ್ ಯಾರು ನೋಡ್ತಾರೆ?"

ಹಾಗಾಗಿ ನಿನ್ನೆ ಮಧ್ಯಾಹ್ನ ಮತ್ತೆ ಅವನದೇ ಟಿಕೆಟ್ಟಿಗೆ ಕ್ಯಾಂಟೀನಿನಲ್ಲಿ ಕೂತೆವು. ಈ ಸಲ ಸಣ್ಣ ಅಕ್ಷರವನ್ನೇ ಮೊದಲು ಓದಿದೆ. ಚೀಟಿಯಲ್ಲಿ 'ಆಫ್ ಪೀಕ್' ಅಂತ ಬರೆದು ಪೆನ್ನು ನಿಲ್ಲಿಸಿದೆ. ಎದುರಿಗೆ ಅವನು, ಮೈಮೇಲೆ ನನ್ನ ಸ್ವೆಟರು, ಈ ಸೆಖೆಯಲ್ಲಿ, ನನ್ನನ್ನು ಉರಿಸೋಕೆ ಅಂತಲೇ.

"ಸಿಂಗಲ್ಲೋ, ರಿಟರ್ನೋ?" ಅಂದ, ಕೌಂಟರಿನ ಹೆಂಗಸಿನ ದನಿಯಲ್ಲಿ. ನನಗಿಂತ ಚೆನ್ನಾಗಿ ತೆಗೆದ. ಅವಳನ್ನು ಅವನು ಕಣ್ಣಾರೆ ನೋಡಿ ಬಂದಿದ್ದಾನಲ್ಲ.

ಸಿಂಗಲ್ ಅಂತ ಬರೆದರೆ ಹೇಗೆ ಅನ್ನಿಸಿತು. ಆಮೇಲೆ ಅಲ್ಲೇ ಉಳಿದುಬಿಟ್ಟಾನು ಅಂತಲೂ ಅನ್ನಿಸಿತು. ಆ ಉರಿಯನ್ನು ತಡೆದುಕೊಳ್ಳೋ ಶಕ್ತಿ ನನ್ನ ಹೊಟ್ಟೆಗಿಲ್ಲ. ರಿಟರ್ನ್ ಅಂತ ಬರೆದು, ಕೆಳಗೆ ಎರಡು ಗೆರೆ ಎಳೆದೆ.